ಏರ್‌ಗನ್ ಗೀಳಿಗೆ ಹತ್ತು ಮೀಟರ್ ಜಾಗ ಕೊಡಿ

ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ ಇರಲಿ, ಭಾರತ ಹುಣ್ಣಿಮೆ ಇರಲಿ, ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರನ ಜಾತ್ರೆ ಇರಲಿ, ಬೆಂಡು ಬೆತ್ತಾಸಿನ ಅಂಗಡಿ, ಬಳೆ ಅಂಗಡಿ, ತೊಟ್ಟಿಲುಗಳ ಸಾಲಿನಲ್ಲಿ ಬಲೂನು ಕಟ್ಟಿದ ಹಲಗೆಯೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ‘ಬರ್ರೀ ಅಣ್ಣಾರ, ಒಂದ್ ಕೈ ನೋಡ್ರಿ’ ಎಂದು ಅಂಗಡಿಯವನು ಕರೆಯುತ್ತಾನೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರಿಂದ ಹಿಡಿದು ಹೈಸ್ಕೂಲ್ ಹುಡುಗರವರೆಗೆ ಒಬ್ಬೊಬ್ಬರೇ ಬಂದು ಕೋವಿ ಎತ್ತುತ್ತಾರೆ. ಬಲೂನು ಒಡೆದರೆ ಸುತ್ತ ನಿಂತವರೆಲ್ಲ ಹೋ ಎನ್ನುತ್ತಾರೆ, ತಪ್ಪಿದರೆ ಮತ್ತೊಂದು ಸುತ್ತಿಗೆ ದುಡ್ಡು ಹೊರಗೆ ಬರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಎಷ್ಟೋ ಜನರಿಗೆ ಏರ್‌ಗನ್ ಮೊದಲು ಕೈಗೆ ಬರುವುದು ಹೀಗೆ.

ಹೆಚ್ಚಿನವರು ಜಾತ್ರೆ ಮುಗಿಸಿ ಮನೆಗೆ ಬಂದ ಮೇಲೆ ಅದನ್ನು ಮರೆತುಬಿಡುತ್ತಾರೆ. ಕೆಲವರಿಗೆ ಮರೆಯಲು ಆಗುವುದಿಲ್ಲ. ಟ್ರಿಗರ್ ಒತ್ತಿದ ಮರುಕ್ಷಣವೇ ಫಲ ಕಣ್ಣೆದುರು ಇರುತ್ತದೆ. ತಪ್ಪಿದ್ದು ಎಷ್ಟು, ಯಾವ ಕಡೆಗೆ ಎನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಮುಂದಿನ ಹೊಡೆತದಲ್ಲಿ ಸರಿಮಾಡಿಕೊಳ್ಳುತ್ತೇನೆ ಎಂಬ ಆಸೆ ಅದರ ಬೆನ್ನಿಗೇ ಹುಟ್ಟುತ್ತದೆ. ಸದ್ದು ಕಡಿಮೆ, ಮದ್ದಿನ ಹೊಗೆ ಇಲ್ಲ, ಪೆಲೆಟ್ ಡಬ್ಬಿಗೆ ದೊಡ್ಡ ಖರ್ಚಿಲ್ಲ, ಒಂದು ಮಿತಿಯೊಳಗಿನ ಏರ್‌ಗನ್‌ಗೆ ಲೈಸೆನ್ಸೂ ಬೇಡ. ಇಷ್ಟು ಸಾಕು, ಗೀಳು ಹತ್ತಲು.

ನಾನು ಈ ಗೀಳಿನ ಪರವಾಗಿಯೇ ಬರೆಯುತ್ತಿದ್ದೇನೆ. ಗುರಿ ಇಡುವುದನ್ನು ಮನಸ್ಸಿಟ್ಟು ಕಲಿತವರಿಗೆ ತಾಳ್ಮೆ, ಏಕಾಗ್ರತೆ, ಮೈಮೇಲಿನ ಹಿಡಿತ ತಾವಾಗಿ ಬರುತ್ತವೆ. ಆದರೆ ಕೈಗೆ ಏರ್‌ಗನ್ ಬಂದ ಮೊದಲ ತಿಂಗಳಲ್ಲೇ ದಾರಿ ಎರಡಾಗುತ್ತದೆ. ಒಂದು ಹೊಲದ ಬದುವಿನ ಮರಕ್ಕೆ, ಅಲ್ಲಿ ಕೂತ ಹಕ್ಕಿಗೆ ಹೋಗುತ್ತದೆ. ಇನ್ನೊಂದು ಗೋಡೆಗೆ ಅಂಟಿಸಿದ ಹಾಳೆಗೆ ಹೋಗುತ್ತದೆ. ಹುಡುಗ ಯಾವ ದಾರಿ ಹಿಡಿಯುತ್ತಾನೆ ಎನ್ನುವುದು ಅವನ ಸ್ವಭಾವಕ್ಕಿಂತ ಹೆಚ್ಚಾಗಿ, ಅವನ ಊರಿನಲ್ಲಿ ಗುರಿ ಇಡಲು ಒಂದು ಜಾಗ ಇದೆಯೋ ಇಲ್ಲವೋ ಎನ್ನುವುದರ ಮೇಲೆ ನಿಂತಿದೆ.

ಕೋವಿಯ ಒಳಗೆ

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಪ್ರಿಂಗ್ ಏರ್‌ಗನ್. ಅದರ ನಳಿಗೆಯನ್ನು ಕೆಳಕ್ಕೆ ಮಡಚಿದಾಗ ಒಳಗಿನ ಗಟ್ಟಿ ಸ್ಪ್ರಿಂಗ್ ಹಿಂದಕ್ಕೆ ಒತ್ತಿಕೊಂಡು ಕೂರುತ್ತದೆ. ನಳಿಗೆಯ ಬಾಯಿಗೆ ಒಂದು ಪೆಲೆಟ್ ಇಟ್ಟು ಮತ್ತೆ ನೆಟ್ಟಗೆ ಮಾಡಿ ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ, ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದರ ಮುಂದಿದ್ದ ಗಾಳಿ ಕ್ಷಣಾರ್ಧದಲ್ಲಿ ಒತ್ತಿಕೊಂಡು ಪೆಲೆಟನ್ನು ತಳ್ಳುತ್ತದೆ. ಮದ್ದಿನ ಕೋವಿಯಲ್ಲಿ ಸಿಡಿತ ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ.

ಪೆಲೆಟನ್ನು ಅಂಗೈಯಲ್ಲಿಟ್ಟು ನೋಡಿ. ಸೀಸದ ಸಣ್ಣ ತುಣುಕು, ನಡು ಸಣ್ಣಗಾಗಿ ಎರಡೂ ತುದಿ ಅಗಲವಾಗಿ, ಶಿವನ ಡಮರುಗದ ಹಾಗೆ ಇರುತ್ತದೆ. ಅಗಲ 4.5 ಮಿಲಿಮೀಟರ್, ತೂಕ ಹೆಚ್ಚೂಕಡಿಮೆ ಅರ್ಧ ಗ್ರಾಂ. ಹಿಂಭಾಗ ಟೊಳ್ಳಾಗಿ ತೆಳ್ಳಗಿರುವುದರಿಂದ ಗಾಳಿಯ ಒತ್ತಡಕ್ಕೆ ಅದು ಅರಳಿ ನಳಿಗೆಯ ಒಳಗೋಡೆಗೆ ಬಿಗಿಯಾಗಿ ಕೂರುತ್ತದೆ. ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳು ಅದನ್ನು ತಿರುಗಿಸುತ್ತವೆ, ಹೊರಬಂದ ಮೇಲೆ ಅಗಲವಾದ ಹಿಂಭಾಗ ಗಾಳಿಯನ್ನು ತಡೆದು ಮೂತಿಯನ್ನು ಮುಂದಕ್ಕೇ ಇಡುತ್ತದೆ. ಅದಕ್ಕೇ ಜಜ್ಜಿಹೋದ ಪೆಲೆಟನ್ನು ಯಾವ ಗುರಿಗಾರನೂ ಬಳಸುವುದಿಲ್ಲ. ಡಬ್ಬಿ ನೆಲಕ್ಕೆ ಬಿದ್ದರೆ ಒಂದೊಂದನ್ನೂ ನೋಡಿ ಆರಿಸುತ್ತಾರೆ.

ಸ್ಪ್ರಿಂಗ್ ಏರ್‌ಗನ್‌ಗೆ ಇನ್ನೊಂದು ಗುಣ ಇದೆ. ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಪಿಸ್ಟನ್‌ನ ಓಟಕ್ಕೆ ಇಡೀ ಕೋವಿ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಅದುರುತ್ತದೆ. ಹೊಸಬರು ಈ ಅದುರನ್ನು ಅದುಮಲು ಬಿಗಿಯಾಗಿ ಹಿಡಿಯುತ್ತಾರೆ. ಹಿಡಿತ ಪ್ರತಿ ಸಲವೂ ಒಂದಿಷ್ಟು ಬದಲಾಗುತ್ತದೆ, ಹಾಳೆಯ ಮೇಲಿನ ತೂತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಬಲ್ಲವರು ಕೋವಿಯನ್ನು ತೆರೆದ ಎಡಗೈ ಮೇಲೆ ಸುಮ್ಮನೆ ಕೂರಿಸಿ, ಹೆಗಲಿಗೆ ಮೆತ್ತಗೆ ತಾಗಿಸಿ, ಅದುರುವುದನ್ನು ಅದುರಲು ಬಿಡುತ್ತಾರೆ. ಹೀಗೆ ಬಿಡುವುದನ್ನು ಕಲಿತ ದಿನ ಐದು ತೂತುಗಳು ಒಂದು ರೂಪಾಯಿ ನಾಣ್ಯದೊಳಗೆ ಬಂದು ಕೂರುತ್ತವೆ. ಅವತ್ತಿನಿಂದ ಆ ಮನುಷ್ಯನನ್ನು ಏರ್‌ಗನ್‌ನಿಂದ ಬಿಡಿಸುವುದು ಕಷ್ಟ.

ಪಂದ್ಯಗಳಲ್ಲಿ ಬಳಸುವ ಏರ್ ರೈಫಲ್‌ಗಳ ಬಗೆ ಬೇರೆ. ಅವುಗಳ ಸಿಲಿಂಡರಿನಲ್ಲಿ ಮೊದಲೇ 200 ಬಾರ್‌ನಷ್ಟು ಒತ್ತಡದಲ್ಲಿ ಗಾಳಿ ತುಂಬಿರುತ್ತಾರೆ. ನಮ್ಮ ಬೈಕಿನ ಟೈರಿನಲ್ಲಿರುವುದು ಸುಮಾರು 2 ಬಾರ್. ಪ್ರತಿ ಹೊಡೆತಕ್ಕೂ ಒಂದು ಅಳತೆಯ ಗಾಳಿ ಮಾತ್ರ ಹೊರಬರುವುದರಿಂದ ಅದುರು ಇಲ್ಲವೆನ್ನುವಷ್ಟು ಕಡಿಮೆ. ಗಾಳಿ ತುಂಬಿಡುವ ಈ ಉಪಾಯ ಹಳೆಯದು. ಬಾರ್ತೊಲೊಮಿಯೊ ಜಿರಾಂಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿ ರೈಫಲನ್ನು ಆಸ್ಟ್ರಿಯಾದ ಸೇನೆ 1780ರ ಹೊತ್ತಿಗೇ ಕೈಗೆತ್ತಿಕೊಂಡಿತ್ತು. ಅದರ ಹಿಂಬದಿಯ ಹಿಡಿಯೇ ಗಾಳಿಯ ಬುರುಡೆ. ಆಟದ ಸಾಮಾನು ಎಂದು ನಾವು ಕರೆಯುವ ವಸ್ತುವಿನ ಪೂರ್ವಜ ಯುದ್ಧದ ಆಯುಧ ಎನ್ನುವುದನ್ನು ನೆನಪಿಡಬೇಕು.

ಅರ್ಧ ಮಿಲಿಮೀಟರಿನ ಚುಕ್ಕೆ

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ 10 ಅಂಕದ ಚುಕ್ಕೆ ಎಷ್ಟು ದೊಡ್ಡದು ಗೊತ್ತೇ? ಅಡ್ಡಳತೆ ಅರ್ಧ ಮಿಲಿಮೀಟರ್. ಹೊಡೆಯುವ ಪೆಲೆಟ್ ಅದಕ್ಕಿಂತ ಒಂಬತ್ತು ಪಟ್ಟು ಅಗಲ. ಗುರಿಗಾರ ನಿಂತುಕೊಂಡು, ಐದೂವರೆ ಕಿಲೋ ಮೀರದ ರೈಫಲನ್ನು ಹಿಡಿದು, ಒಂದೂಕಾಲು ತಾಸಿನಲ್ಲಿ 60 ಹೊಡೆತ ಮುಗಿಸಬೇಕು. ಎಲೆಕ್ಟ್ರಾನಿಕ್ ಗುರಿಹಲಗೆ ಅಂಕವನ್ನು ದಶಾಂಶದಲ್ಲಿ ಲೆಕ್ಕ ಹಾಕುತ್ತದೆ. ಒಂದು ಹೊಡೆತಕ್ಕೆ ಗರಿಷ್ಠ 10.9. ಮೊದಲು ಹೆಣ್ಣುಮಕ್ಕಳಿಗೆ 40 ಹೊಡೆತ ಇತ್ತು, 2018ರಿಂದ ಅವರಿಗೂ 60.

ಲೆಕ್ಕ ಹಾಕಿದರೆ ಈ ಆಟದ ಸೂಕ್ಷ್ಮ ತಿಳಿಯುತ್ತದೆ. ಪಂದ್ಯದ ರೈಫಲಿನ ಪೆಲೆಟ್ ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೋಗುತ್ತದೆ. ಹತ್ತು ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಹದಿನೇಳನೇ ಒಂದು ಭಾಗ ಸಾಕು. ಅಷ್ಟರೊಳಗೇ ಭೂಮಿ ಅದನ್ನು ಒಂದೂವರೆ ಸೆಂಟಿಮೀಟರಿನಷ್ಟು ಕೆಳಕ್ಕೆ ಎಳೆದಿರುತ್ತದೆ. ಕಣ್ಣಿಟ್ಟು ಗುರಿ ನೋಡುವ ಸೈಟ್ ಹೊಂದಿಸುವುದು ಈ ಇಳಿತವನ್ನು ಸರಿದೂಗಿಸಲಿಕ್ಕೆ. ಇನ್ನು ಕೋವಿಯ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಅರ್ಧ ಮೀಟರ್ ಇದೆ ಎಂದುಕೊಳ್ಳೋಣ. ಎರಡರ ಹೊಂದಾಣಿಕೆ ಒಂದು ಮಿಲಿಮೀಟರ್ ತಪ್ಪಿದರೆ ಹತ್ತು ಮೀಟರ್ ಆಚೆ ಪೆಲೆಟ್ ಇಪ್ಪತ್ತು ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಗುರಿಗಾರನ ಕಣ್ಣು ಗುರಿಹಲಗೆಯ ಮೇಲೆ ನೆಡುವುದಿಲ್ಲ, ಮುಂದಿನ ಸೈಟಿನ ಮೇಲೆ ನೆಡುತ್ತದೆ. ಗುರಿ ಕೊಂಚ ಮಸುಕಾಗಿ ಕಂಡರೂ ನಡೆಯುತ್ತದೆ, ಸೈಟ್ ಸ್ಪಷ್ಟವಾಗಿರಬೇಕು.

ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ಟ್ರಿಗರನ್ನು ಜಗ್ಗಬಾರದು, ಸ್ವಲ್ಪಸ್ವಲ್ಪವೇ ಒತ್ತುತ್ತ ಹೋಗಬೇಕು. ಹೊಡೆತ ಹೋದ ಮೇಲೂ ಒಂದೆರಡು ಕ್ಷಣ ಕೋವಿ ಇಳಿಸದೆ ಹಾಗೇ ನೋಡುತ್ತಿರಬೇಕು. ಆರೆಂಟು ಸೆಕೆಂಡಿನೊಳಗೆ ಹೊಡೆತ ಬಿಡದಿದ್ದರೆ ಕೋವಿ ಇಳಿಸಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಹೊಡೆಯದೆ ಕೋವಿ ಇಳಿಸುವ ಈ ಸಂಯಮವನ್ನು ಕಲಿಸುವುದೇ ಎಲ್ಲಕ್ಕಿಂತ ಕಷ್ಟ. ಅದನ್ನು ಕಲಿತ ಹುಡುಗ ಪರೀಕ್ಷೆಯ ಕೋಣೆಯಲ್ಲೂ ಗಾಬರಿಯಾಗುವುದಿಲ್ಲ.

ಅಭಿನವ್ ಬಿಂದ್ರಾ 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ ಗೆದ್ದದ್ದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ವೈಯಕ್ತಿಕ ಚಿನ್ನ. ಕೊನೆಯ ಹೊಡೆತದಲ್ಲಿ ಅವರು ಪಡೆದದ್ದು 10.8. ಗಗನ್ ನಾರಂಗ್ 2012ರಲ್ಲಿ ಲಂಡನ್‌ನಲ್ಲಿ ಕಂಚು ತಂದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಸರಬ್ಜೋತ್ ಸಿಂಗ್ ಜೊತೆಗೂಡಿ ಮಿಶ್ರ ವಿಭಾಗದಲ್ಲಿ ಇನ್ನೊಂದು ಕಂಚು ತಂದರು. ಬೆಂಗಳೂರಿನ ಟಿ.ಎಸ್. ದಿವ್ಯಾ ಅದೇ ಸರಬ್ಜೋತ್ ಜೊತೆ 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಚಿನ್ನ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದರು. ಬೆಂಗಳೂರಿನವರೇ ಆದ ತಿಲೋತ್ತಮಾ ಸೇನ್ 2023ರ ಕೈರೋ ವಿಶ್ವಕಪ್‌ನಲ್ಲಿ ಏರ್ ರೈಫಲ್ ಕಂಚು ಗೆದ್ದಾಗ ಅವರ ವಯಸ್ಸು 14. ಈ ಎಲ್ಲ ಪದಕಗಳೂ ಬಂದದ್ದು ಮದ್ದಿಲ್ಲದ ಕೋವಿಯಿಂದ, ಹತ್ತೇ ಮೀಟರ್ ದೂರದಿಂದ.

ಬಾಳಪ್ಪನ ನಾಡು

ಗುರಿಗಾರಿಕೆ ಈ ನೆಲಕ್ಕೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಅವನನ್ನು ಹೊಡೆದುರುಳಿಸಿದವನು ರಾಣಿ ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪ ಎಂದು ನಾಡು ನೆನೆಯುತ್ತದೆ. ಬಾಯಿಯಿಂದ ಮದ್ದುಗುಂಡು ತುಂಬುವ ಆ ಕಾಲದ ಕೋವಿಗಳಲ್ಲಿ ಒಂದು ಹೊಡೆತ ತಪ್ಪಿದರೆ ಮತ್ತೆ ತುಂಬಲು ಹೊತ್ತು ಬೇಕಿತ್ತು. ಅಂಥ ಗದ್ದಲದ ನಡುವೆ ಒಂದೇ ಗುಂಡಿಗೆ ಕೈ ನಡುಗದಂತೆ ನಿಲ್ಲುವುದು ಸಣ್ಣ ಮಾತಲ್ಲ. ಆ ಗೆಲುವಿನ 200ನೇ ವರ್ಷವನ್ನು 2024ರಲ್ಲಿ ನಾವೆಲ್ಲ ಆಚರಿಸಿದೆವು.

ರಾಮದುರ್ಗದ ಆಚೆ, ಮುಧೋಳ ಸೀಮೆಯ ಹಲಗಲಿಯದು ಇನ್ನೊಂದು ಕಥೆ. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ನವೆಂಬರಿನಲ್ಲಿ ಊರಿಗೇ ಬೆಂಕಿ ಬಿತ್ತು, ಹಿಡಿದವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಅವರ ಮೇಲಿನ ಲಾವಣಿ ಇಂದಿಗೂ ಈ ಭಾಗದಲ್ಲಿ ಜೀವಂತವಾಗಿದೆ. ಬಾಳಪ್ಪನಿಗೂ ಹಲಗಲಿಯವರಿಗೂ ಕೋವಿ ಎಂದರೆ ಹೊಣೆ, ನೆಲದ ಮಾನ. ಮರದಲ್ಲಿ ಕೂತ ಬೆಳವಕ್ಕಿಯನ್ನು ಕೆಡವಿ ಫೋಟೊ ತೆಗೆಸಿಕೊಳ್ಳುವುದಕ್ಕೂ ಆ ಪರಂಪರೆಗೂ ಏನೇನೂ ಸಂಬಂಧವಿಲ್ಲ.

ಹಕ್ಕಿಯ ದಾರಿ ಬೇಡ

ಹಕ್ಕಿಯ ದಾರಿಗೆ ನಮ್ಮ ಕಡೆ ಒಂದು ನೆಪವೂ ಇದೆ. ಜೋಳ ಹಾಲುತೆನೆಗೆ ಬಂದಾಗ ಹಕ್ಕಿಗಳ ಹಿಂಡು ಇಳಿಯುತ್ತದೆ. ಹಿಂದೆ ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಕವಣಿ ಬೀಸಿ, ಕೂಗು ಹಾಕಿ ಓಡಿಸುತ್ತಿದ್ದರು. ಈಗ ಕೆಲವರ ಕೈಗೆ ಕವಣಿಯ ಜಾಗದಲ್ಲಿ ಏರ್‌ಗನ್ ಬಂದಿದೆ. ರೈತನ ಕಷ್ಟ ನಿಜ. ಆದರೆ ಕವಣಿ ಓಡಿಸುತ್ತಿತ್ತು, ಏರ್‌ಗನ್ ಕೊಲ್ಲುತ್ತದೆ. ಎಷ್ಟೋ ಸಲ ಪೂರ್ತಿ ಕೊಲ್ಲುವುದೂ ಇಲ್ಲ. ಮೈಯೊಳಗೆ ಸೀಸ ಹೊತ್ತ ಹಕ್ಕಿ ಹಾರಿಹೋಗಿ ಎಲ್ಲೋ ನರಳಿ ಸಾಯುತ್ತದೆ. ತೆನೆಗೆ ಬೀಳುವ ಹಕ್ಕಿಗಳಲ್ಲೇ ಬಹಳಷ್ಟು ತಮ್ಮ ಮರಿಗಳಿಗೆ ಹುಳು ತಿನ್ನಿಸಿ ಬೆಳೆಸುತ್ತವೆ. ಹಕ್ಕಿ ಕಡಿಮೆಯಾದರೆ ಕೀಟನಾಶಕದ ಖರ್ಚು ರೈತನ ತಲೆಗೇ ಬೀಳುತ್ತದೆ. ಮಿಂಚುವ ಪಟ್ಟಿ, ಬೆದರುಗೊಂಬೆ, ಹಳೆಯ ಕವಣಿ ಇವತ್ತಿಗೂ ಕೆಲಸ ಮಾಡುತ್ತವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಸುತ್ತಲಿನ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ಹೊಡೆಯುವುದು ಅಪರಾಧ. ನವಿಲಿಗಂತೂ ಮೊದಲ ಪಟ್ಟಿಯ ರಕ್ಷಣೆ ಇದೆ. ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಅದರಿಂದ ಬೇಟೆಯಾಡಬಹುದು ಎಂದು ಅರ್ಥವಲ್ಲ. ಅರುಣಾಚಲ ಪ್ರದೇಶದಲ್ಲಿ ಏರ್‌ಗನ್‌ನಿಂದಲೇ ಕಾಡಿನ ಹಕ್ಕಿಗಳು ಬರಿದಾಗುತ್ತಿವೆ ಎಂದು 2021ರಲ್ಲಿ ಏರ್‌ಗನ್ ಒಪ್ಪಿಸುವ ಚಳವಳಿ ಶುರುವಾಯಿತು. ಲುಮ್‌ದುಂಗ್ ಎಂಬ ಹಳ್ಳಿಯಲ್ಲಿ ಮೊದಲ ದಿನವೇ ಜನ 46 ಏರ್‌ಗನ್‌ಗಳನ್ನು ತಂದುಕೊಟ್ಟರು. ನಮ್ಮಲ್ಲಿ ಅಂಥ ದಿನ ಬರುವ ಮೊದಲೇ ಎಚ್ಚೆತ್ತುಕೊಳ್ಳುವುದು ಒಳ್ಳೆಯದು.

ಕಾನೂನು, ಎಚ್ಚರ

2016ರ ಶಸ್ತ್ರಾಸ್ತ್ರ ನಿಯಮಗಳು ಹಾಕಿರುವ ಗೆರೆ ಸ್ಪಷ್ಟವಾಗಿದೆ. ನಳಿಗೆಯ ಅಳತೆ 4.5 ಮಿಲಿಮೀಟರ್ ಮತ್ತು ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. 5.5 ಮಿಲಿಮೀಟರಿನದು ಅಥವಾ ಅದಕ್ಕಿಂತ ಶಕ್ತಿಯುತವಾದದ್ದು ಬೇಕೆಂದರೆ ಲೈಸೆನ್ಸ್ ಬೇಕು. ಪಂದ್ಯದ ರೈಫಲಿನ ಶಕ್ತಿ ಸುಮಾರು 8 ಜೂಲ್ ಅಷ್ಟೇ. ಒಲಿಂಪಿಕ್ಸ್‌ಗೆ 8 ಸಾಕಾದರೆ ನಮಗೆ 20ಕ್ಕಿಂತ ಹೆಚ್ಚು ಏಕೆ ಬೇಕು? ‘ಇದು ಎಷ್ಟು ಪವರ್ ಐತಿ’ ಎಂಬುದೇ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆಯಾಗಿರುವುದು ನಮ್ಮ ಹುಡುಗರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ ಎನ್ನುವುದಕ್ಕೆ ಗುರುತು. ಕೇಳಬೇಕಾದದ್ದು ಟ್ರಿಗರ್ ಹೇಗಿದೆ, ಸೈಟ್ ಹೊಂದಿಸಬಹುದೇ, ತೂಕ ಎಷ್ಟು, ರಿಪೇರಿ ಎಲ್ಲಿ ಎಂಬುದನ್ನು.

ಏರ್‌ಗನ್ ಆಟಿಕೆಯಲ್ಲ. ಪೆಲೆಟ್ ಕಣ್ಣಿಗೆ ಬಡಿದರೆ ಕಣ್ಣು ಹೋಗುತ್ತದೆ, ಹತ್ತಿರದಿಂದ ತಗುಲಿದರೆ ಜೀವವೂ ಹೋಗಬಹುದು. ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡುವವರು ಕೆಲವನ್ನು ಬಿಡದೆ ಪಾಲಿಸಬೇಕು. ಖಾಲಿ ಎಂದು ಗೊತ್ತಿದ್ದರೂ ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು. ಹೊಡೆಯುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಬರೀ ಕಲ್ಲಿನ ಅಥವಾ ಸಿಮೆಂಟಿನ ಗೋಡೆಗೆ ಹೊಡೆದರೆ ಪೆಲೆಟ್ ಪುಟಿದು ವಾಪಸು ಬರುತ್ತದೆ. ಒಣ ಮರಳು ಅಥವಾ ಹಳೆ ಬಟ್ಟೆ ಒತ್ತಿ ತುಂಬಿದ ಗಟ್ಟಿ ಪೆಟ್ಟಿಗೆಯ ಮುಂದೆ ಹಾಳೆ ಅಂಟಿಸಬೇಕು, ಪೆಟ್ಟಿಗೆಯ ಹಿಂದೆ ಗೋಡೆ ಇರಬೇಕು, ಬಾಗಿಲು ಅಥವಾ ಓಣಿ ಇರಬಾರದು. ಕಣ್ಣಿಗೆ ಕನ್ನಡಕ ಬೇಕು. ಪೆಲೆಟ್ ಇಡದೆ ಸ್ಪ್ರಿಂಗ್ ಏರ್‌ಗನ್ ಹೊಡೆಯಬಾರದು, ತಡೆ ಇಲ್ಲದ ಪಿಸ್ಟನ್ ಮುಂದೆ ಅಪ್ಪಳಿಸಿ ಕೆಡುತ್ತದೆ. ಪೆಲೆಟ್ ಸೀಸದ್ದಾದ್ದರಿಂದ ಬಾಯಲ್ಲಿ ಕಚ್ಚಿಟ್ಟುಕೊಳ್ಳಬಾರದು, ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಕೋವಿ ಮತ್ತು ಪೆಲೆಟ್ ಎರಡೂ ಬೇರೆ ಬೇರೆ ಕಡೆ ಕೀಲಿಯೊಳಗೆ ಇರಬೇಕು.

ಹುಬ್ಬಳ್ಳಿ, ಕೊಲ್ಲಾಪುರ ತೋರಿದ ದಾರಿ

ಜಾಗ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಗಾಲಿಕುರ್ಚಿಯಲ್ಲಿ ಕೂತು ಏರ್ ರೈಫಲ್ ಹೊಡೆಯುವ ಪ್ಯಾರಾ ಶೂಟರ್. 2022ರ ಜೂನ್‌ನಲ್ಲಿ ಫ್ರಾನ್ಸ್‌ನ ಶಾತೊರೂನಲ್ಲಿ ನಡೆದ ಪ್ಯಾರಾ ಶೂಟಿಂಗ್ ವಿಶ್ವಕಪ್‌ನಲ್ಲಿ ಅವರು 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಭಾರತದ ಪರ ಕಣಕ್ಕಿಳಿದರು. ಅವರ ವಿಭಾಗದಲ್ಲಿ ರೈಫಲಿನ ಭಾರವನ್ನು ತೋಳು ಹೊರಲಾರದವರಿಗೆ ಸ್ಪ್ರಿಂಗ್ ಕೂರಿಸಿದ ಆಧಾರ ಕೊಡುತ್ತಾರೆ. ಆದರೆ ಗುರಿ, ಉಸಿರು, ಟ್ರಿಗರ್ ಎಲ್ಲವೂ ಗುರಿಗಾರನವೇ. ಓಡಲಾಗದವರು, ಕುಸ್ತಿ ಹಿಡಿಯಲಾಗದವರು ಕೂಡ ಜಗತ್ತಿನ ಮುಂದೆ ಸರಿಸಮ ನಿಲ್ಲಬಹುದಾದ ಆಟ ಇದು. ಕಿತ್ತೂರಿನಿಂದ ಬಸ್ ಹತ್ತಿದರೆ ಎರಡು ತಾಸಿನೊಳಗೆ ಸಿಗುವ ಊರಿನಿಂದ ಅವರು ಅಲ್ಲಿಗೆ ಹೋದರು.

ಉತ್ತರಕ್ಕೆ ಕೊಲ್ಲಾಪುರದ ಕಡೆ ನೋಡಿ. ನಮ್ಮಂತೆಯೇ ಕಬ್ಬು, ನಮ್ಮಂತೆಯೇ ಕುಸ್ತಿ, ನಮ್ಮಂತೆಯೇ ಗರಡಿಮನೆ. ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಚ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ಕಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಒಬ್ಬರು ಮೇಲೆ ಬಂದರೆ ಅವರ ಹಿಂದೆ ಹತ್ತು ಮಕ್ಕಳು ಬರುತ್ತಾರೆ. ಆದರೆ ಆ ಹತ್ತು ಮಕ್ಕಳು ನಿಂತು ಗುರಿ ಇಡಲು ಒಂದು ಜಾಗ, ಅಂದರೆ ರೇಂಜ್ ಇರಬೇಕು.

ನಮ್ಮಲ್ಲಿ ಏನಾಗಬೇಕು

ಏರ್‌ಗನ್ ರೇಂಜ್‌ಗೆ ಮೈದಾನ ಬೇಡ, ಮಣ್ಣಿನ ದಿಬ್ಬ ಬೇಡ. ಹದಿನೈದು ಮೀಟರ್ ಉದ್ದದ, ಗಟ್ಟಿ ಗೋಡೆಯ, ಒಳ್ಳೆಯ ಬೆಳಕಿನ ಒಂದು ಕೋಣೆ ಸಾಕು. ಬೈಲಹೊಂಗಲದಂಥ ಹತ್ತಿ ವ್ಯಾಪಾರದ ಊರಿನಲ್ಲಿ ಖಾಲಿ ಬಿದ್ದ ಗೋದಾಮು ಸಿಗದೇ ಇರದು. ಯಾವ ತಾಲ್ಲೂಕಿನಲ್ಲೂ ಗರಡಿಮನೆಗೆ ಹೊಂದಿಕೊಂಡ ಜಾಗ, ಶಾಲೆಯ ಸಭಾಭವನ, ತಾಲ್ಲೂಕು ಕ್ರೀಡಾಂಗಣದ ಮೂಲೆ ಇದ್ದೇ ಇರುತ್ತದೆ. ಪಂದ್ಯದ ವಿದೇಶಿ ರೈಫಲಿಗೆ ಲಕ್ಷಗಟ್ಟಲೆ ಬೇಕು, ಅದು ಒಂದು ಮನೆಗೆ ಭಾರ. ಒಂದು ರೇಂಜ್‌ನಲ್ಲಿ ಎರಡು ರೈಫಲ್, ಎರಡು ಪಿಸ್ತೂಲ್ ಇದ್ದರೆ ಊರಿನ ಮಕ್ಕಳೆಲ್ಲ ಸರದಿಯಲ್ಲಿ ಕಲಿಯಬಹುದು. ಕಲಿಕೆಯ ಹಂತಕ್ಕೆ ಭಾರತದಲ್ಲೇ ತಯಾರಾಗುವ ಏರ್ ರೈಫಲ್‌ಗಳೂ ಇವೆ.

ಕಲಿಸುವವರು? ನಮ್ಮ ಜಿಲ್ಲೆಯಿಂದ ಸೇನೆಗೆ ಹೋಗಿ ನಿವೃತ್ತರಾಗಿ ಬಂದವರು ಊರೂರಲ್ಲಿದ್ದಾರೆ. ಕೋವಿಯ ಶಿಸ್ತು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎನ್‌ಸಿಸಿ ಇರುವ ಕಾಲೇಜುಗಳಲ್ಲಿ ಫೈರಿಂಗ್ ಕಲಿತ ಮಕ್ಕಳಿದ್ದಾರೆ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆ 1969ರಿಂದ ಇದೆ. ಮುಂದಕ್ಕೆ ಹೋಗುವವರಿಗೆ ರಾಜ್ಯ ರೈಫಲ್ ಸಂಸ್ಥೆಯ ಪಂದ್ಯಗಳಿವೆ, ಅದರ ಮೇಲೆ 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಪಂದ್ಯಗಳಿವೆ. ಏಣಿ ಇದೆ, ಕೆಳಗಿನ ಮೊದಲ ಮೆಟ್ಟಿಲು ಮಾತ್ರ ನಮ್ಮ ತಾಲ್ಲೂಕುಗಳಲ್ಲಿ ಇಲ್ಲವಾಗಿದೆ.

ಮನೆಯಲ್ಲಿ ಮಗ ಅಥವಾ ಮಗಳು ಏರ್‌ಗನ್ ಬೇಕು ಎಂದು ಹಟ ಹಿಡಿದರೆ ಬೈದು ಸುಮ್ಮನಿರಿಸುವುದು ಬೇಡ, ಕೊಡಿಸಿ ಕೈತೊಳೆದುಕೊಳ್ಳುವುದೂ ಬೇಡ. ಮೊದಲು ಗೋಡೆ, ಪೆಟ್ಟಿಗೆ, ಹಾಳೆ ಸಿದ್ಧವಾಗಲಿ, ಆಮೇಲೆ ಕೋವಿ ಬರಲಿ. ಪ್ರತಿ ದಿನದ ಹಾಳೆಯ ಮೇಲೆ ತಾರೀಖು ಬರೆದಿಡಲು ಹೇಳಿ. ತಿಂಗಳ ಹಿಂದಿನ ಹಾಳೆಯನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮಗು ಹಕ್ಕಿಯ ಕಡೆ ತಿರುಗುವುದಿಲ್ಲ. ಅದಕ್ಕೆ ತನ್ನ ಕೈಯನ್ನು ತಾನೇ ಗೆಲ್ಲುವ ರುಚಿ ಹತ್ತಿರುತ್ತದೆ.

ಇನ್ನೊಂದು ಬೇಡಿಕೆ ಸರ್ಕಾರದ ಮುಂದೆ ಇಡುತ್ತೇನೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ, ಕುಸ್ತಿ ಕಣ ತುಂಬುತ್ತದೆ. ಅದರ ಜೊತೆಗೆ ಅಮಟೂರು ಬಾಳಪ್ಪನ ಹೆಸರಿನಲ್ಲಿ 10 ಮೀಟರ್ ಏರ್ ರೈಫಲ್ ಮತ್ತು ಪಿಸ್ತೂಲ್ ಪಂದ್ಯ ಏರ್ಪಡಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕಿನ ಹುಡುಗ ಹುಡುಗಿಯರು, ಗಾಲಿಕುರ್ಚಿಯಲ್ಲಿ ಬರುವವರು, ಎಲ್ಲರಿಗೂ ಅದರಲ್ಲಿ ಜಾಗ ಇರಲಿ. ಪಂದ್ಯ ಇದೆ ಎಂದರೆ ಅಭ್ಯಾಸ ಶುರುವಾಗುತ್ತದೆ, ಅಭ್ಯಾಸ ಶುರುವಾದರೆ ರೇಂಜ್ ಕೇಳುವ ಜನ ಹುಟ್ಟುತ್ತಾರೆ. ಇದಕ್ಕೆ ಬೇಕಾದ ಖರ್ಚು ಉತ್ಸವದ ಒಂದು ಸಂಜೆಯ ದೀಪಾಲಂಕಾರಕ್ಕಿಂತ ಹೆಚ್ಚಾಗಲಾರದು.